ಪುಸ್ತಕಗಳ ಮುಗ್ಗಲು ವಾಸನೆ

ಪ್ರಶ್ನೆ: ಕಪಾಟಿನ ಹಳೆಯ ಪುಸ್ತಕಗಳಿಗೆ ಮುಗ್ಗಲು ವಾಸನೆ ಹಿಡಿದಿದೆ. ಬಿಸಿಲಿಗೆ ಇಡಬಹುದೇ?

ಉತ್ತರ: ನೇರ ಬಿಸಿಲು ಖಂಡಿತ ಬೇಡ, ಕಾಗದ ಹಳದಿಯಾಗುತ್ತದೆ, ಬೆನ್ನಿನ ಅಂಟು ಒಣಗಿ ಬಿರುಕು ಬಿಡುತ್ತದೆ. ನೆರಳಿನಲ್ಲಿ, ಹಾಳೆಗಳನ್ನು ಬೀಸಣಿಗೆಯಂತೆ ಬಿಡಿಸಿ, ಫ್ಯಾನಿನ ಗಾಳಿಗೆ ನಿಲ್ಲಿಸಿ. ಪೂರ್ತಿ ಒಣಗಿದ ಮೇಲೆ ಮುಚ್ಚಳದ ಡಬ್ಬದಲ್ಲಿ, ಒಂದು ಬಟ್ಟಲು ಅಡುಗೆ ಸೋಡಾದ ಪಕ್ಕ 4–5 ದಿನ ಇಡಿ. ಪುಡಿ ಪುಟಗಳಿಗೆ ತಾಗದಿರಲಿ. ಹೊಲಿಗೆಯ ಸಂದಿಗೆ ಸೇರಿದರೆ ತೆಗೆಯುವುದು ಬಲು ಕಷ್ಟ.

ಮೂಲ ಕಾರಣ ತೇವ. ಗಾಳಿಯ ಆರ್ದ್ರತೆ ಶೇ. 65 ದಾಟಿ ಹಾಗೇ ಉಳಿದರೆ ಬೂಷ್ಟು ಬೆಳೆಯುತ್ತದೆ, ವಾಸನೆ ಮರಳುತ್ತದೆ. ಕಪಾಟನ್ನು ಗೋಡೆಯಿಂದ 3 ಸೆಂ.ಮೀ. ಮುಂದಕ್ಕೆ ಎಳೆಯಿರಿ. ಪುಸ್ತಕಗಳನ್ನು ತುರುಕಬೇಡಿ. ಬಿಗಿಯಾದ ಸಾಲಿನಿಂದ ಬೆನ್ನಿನ ಮೇಲ್ತುದಿ ಹಿಡಿದು ಎಳೆದರೆ ಅಲ್ಲೇ ಹರಿಯುತ್ತದೆ. ಅಕ್ಕಪಕ್ಕದವನ್ನು ಒಳಗೆ ತಳ್ಳಿ, ನಡು ಹಿಡಿದು ತೆಗೆಯಿರಿ.