ಸಂತ ಕ್ರಿಸ್ಟೋಫರ್ ಚಿತ್ರದ ಹಳೆಯ ಫ್ಲಾಸ್ಕ್: ತೊಳೆದು ಬಳಸಬಹುದೇ?

ಪ್ರಶ್ನೆ: ಇಂಗ್ಲೆಂಡಿನ ಹಳೆಯ ಸಾಮಾನಿನ ಅಂಗಡಿಯಲ್ಲಿ ಕೊಂಡ ಚಪ್ಪಟೆ ಮದ್ಯದ ಫ್ಲಾಸ್ಕ್ ನಮ್ಮಲ್ಲಿದೆ. ಮಗುವನ್ನು ಹೆಗಲ ಮೇಲೆ ಹೊತ್ತು ಹೊಳೆ ದಾಟುವ ಗಡ್ಡದ ಮನುಷ್ಯನ ಉಬ್ಬುಚಿತ್ರ ಅದರ ಮೇಲಿದೆ. ಯಾರಿವರು? ಇದು ಬೆಳ್ಳಿಯೇ? ಬಳಸಬಹುದೇ?

ಉತ್ತರ: ಅವರು ಸಂತ ಕ್ರಿಸ್ಟೋಫರ್, ಪ್ರಯಾಣಿಕರ ರಕ್ಷಕ. ಹೆಗಲ ಮೇಲಿರುವುದು ಬಾಲಯೇಸು. ಈ ಸಂತನ ಚಿತ್ರ ಕಂಡ ದಿನ ಹಠಾತ್ ಮರಣವಿಲ್ಲ ಎಂಬ ನಂಬಿಕೆ ಮಧ್ಯಯುಗದ ಯುರೋಪಿನಲ್ಲಿತ್ತು. ಚರ್ಚಿನ ಬಾಗಿಲಿಗೆ ಎದುರಾಗಿ ಗೋಡೆಯ ಮೇಲೆ ಇವರನ್ನು ದೊಡ್ಡದಾಗಿ ಬರೆಸುತ್ತಿದ್ದದ್ದು ಅದಕ್ಕೇ. 1969ರಲ್ಲಿ ಇವರ ಸಂತಪದವಿಯೇ ಹೋಯಿತು ಎನ್ನುವವರಿದ್ದಾರೆ. ಅದು ತಪ್ಪು. ಜುಲೈ 25ರ ಹಬ್ಬವನ್ನು ಕ್ಯಾಥೊಲಿಕ್ ಚರ್ಚು ತನ್ನ ರೋಮನ್ ಸಾಮಾನ್ಯ ಪಂಚಾಂಗದಿಂದ, ಅಂದರೆ ಎಲ್ಲೆಡೆ ಆಚರಿಸುವ ಹಬ್ಬಗಳ ಪಟ್ಟಿಯಿಂದ, ತೆಗೆದು ಸ್ಥಳೀಯ ಆಚರಣೆಗೆ ಬಿಟ್ಟಿತು, ಅಷ್ಟೇ.

ಲೋಹ ತಿಳಿಯಲು ತಳವನ್ನೂ ಮುಚ್ಚಳದ ಅಂಚನ್ನೂ ಭೂತಗನ್ನಡಿಯಲ್ಲಿ ನೋಡಿ. ನಡೆಯುತ್ತಿರುವ ಸಿಂಹದ ಮುದ್ರೆಯಿದ್ದರೆ 92.5 ಶೇಕಡಾ ಬೆಳ್ಳಿ. ಜೊತೆಗೆ ಲಂಗರಿದ್ದರೆ ಬೆಳ್ಳಿಯನ್ನು ಪರೀಕ್ಷಿಸಿ ಮುದ್ರೆ ಒತ್ತಿದ ಊರು ಬರ್ಮಿಂಗ್‌ಹ್ಯಾಮ್, ಚಿರತೆಯ ತಲೆಯಿದ್ದರೆ ಲಂಡನ್. ‘ಇಪಿಎನ್‌ಎಸ್’ ಎಂದಿದ್ದರೆ ನಿಕ್ಕಲ್ ಮಿಶ್ರಲೋಹದ ಮೇಲೆ ಬೆಳ್ಳಿಯ ತೆಳು ಲೇಪ. ಬೂದುಬಣ್ಣದ, ಮೆದುವಾದ ಲೋಹವಾದರೆ ಬಹುಶಃ ಪ್ಯೂಟರ್. ನಮ್ಮಲ್ಲಿ ಕಲಾಯಿಗೆ ಬಳಸುವ ತವರವೇ ಅದರ ಮುಖ್ಯ ಭಾಗ.

ಎಚ್ಚರ ಬೇಕಾದದ್ದು ಇಲ್ಲಿ. ಈಗಿನ ಪ್ಯೂಟರ್‌ನಲ್ಲಿ ತವರದ ಜೊತೆ ಆಂಟಿಮನಿ, ತಾಮ್ರ ಇರುತ್ತವೆ. ಹಳೆಯದರಲ್ಲಿ ಸೀಸ ಇರಬಹುದು, ಅದು ಪಾನೀಯಕ್ಕೆ ಇಳಿಯುತ್ತದೆ. ಬಿಳಿ ಕಾಗದಕ್ಕೆ ಉಜ್ಜಿದಾಗ ಪೆನ್ಸಿಲ್ಲಿನಂಥ ಗೆರೆ ಮೂಡಿದರೆ ಸೀಸ ಹೆಚ್ಚಿದೆ ಎಂದು ಶಂಕಿಸಿ. ಗೆರೆ ಮೂಡದಿದ್ದರೆ ಸೀಸವಿಲ್ಲ ಎಂದಲ್ಲ. ಚಿನ್ನದಂಗಡಿಗಳಲ್ಲಿರುವ, ಎಕ್ಸ್-ಕಿರಣದಿಂದ ಲೋಹದಲ್ಲಿ ಏನೇನಿದೆ ಎಂದು ತೋರಿಸುವ ಎಕ್ಸ್‌ಆರ್‌ಎಫ್ ಯಂತ್ರದಲ್ಲಿ ಸೀಸವನ್ನೂ ತೋರಿಸುವಂತೆ ಕೇಳಿ ಪರೀಕ್ಷಿಸಿ. ಆ ಪರೀಕ್ಷೆಯಿಲ್ಲದೆ ಫ್ಲಾಸ್ಕಿನಿಂದ ಕುಡಿಯಬೇಡಿ, ಕಪಾಟಿನಲ್ಲಿ ಇಟ್ಟು ನೋಡಿ.

ತೊಳೆಯಲು ಉಗುರುಬೆಚ್ಚಗಿನ ನೀರು, ಎರಡು ಹನಿ ಪಾತ್ರೆ ಸೋಪು, ಹತ್ತಿಬಟ್ಟೆ ಸಾಕು. ಹುಣಸೆಹಣ್ಣು, ನಿಂಬೆ, ಬೂದಿ ಖಂಡಿತ ಬೇಡ: ಹುಳಿ ಲೋಹವನ್ನು ತಿನ್ನುತ್ತದೆ, ಬೂದಿ ಗೀರುತ್ತದೆ. ತಿಕ್ಕಿದಷ್ಟೂ ಮೊದಲು ಸವೆಯುವುದು ಮಗುವಿನ ಮುಖ, ಮತ್ತೆ ಸಂತನ ಊರುಗೋಲು. ಒಮ್ಮೆ ಸವೆದರೆ ಮರಳಿ ಬರುವುದಿಲ್ಲ. ಅಲ್ಯೂಮಿನಿಯಂ ಹಾಳೆ ಮತ್ತು ಅಡುಗೆ ಸೋಡಾದ ಬಿಸಿನೀರಿನಲ್ಲಿ ಬೆಳ್ಳಿ ಬೇಗ ಹೊಳೆಯುತ್ತದೆ ನಿಜ, ಆದರೆ ಚಿತ್ರ ಎದ್ದು ಕಾಣಲೆಂದು ಕುಶಲಕರ್ಮಿ ತಗ್ಗುಗಳಲ್ಲಿ ಬಿಟ್ಟ ಕಪ್ಪೂ ಹೋಗುತ್ತದೆ. ಉಬ್ಬುಚಿತ್ರವನ್ನು ಬೇರೆ ಪದಕವಾಗಿ ಮಾಡಿ ಅಂಟಿಸಿದ್ದರೆ ಅದರ ಹಿಂದೆ ನೀರು ಸೇರುತ್ತದೆ. ಪ್ಯೂಟರನ್ನು ಒಲೆಯ ಹತ್ತಿರವೂ ಇಡಬೇಡಿ. ಶುದ್ಧ ತವರವೇ 232 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ಸೀಸ ಬೆರೆತದ್ದು ಇನ್ನೂ ಬೇಗ.

ಸೀಸವಿಲ್ಲವೆಂದು ಖಚಿತವಾದರೆ ವಿಸ್ಕಿ, ಬ್ರಾಂಡಿ ತುಂಬಬಹುದು; ವೈನ್, ಹಣ್ಣಿನ ರಸ ಬೇಡ. ಎರಡು ಮೂರು ದಿನಕ್ಕಿಂತ ಹೆಚ್ಚು ಇಟ್ಟರೆ ರುಚಿ ಕೆಡುತ್ತದೆ. ಮುಚ್ಚಳದೊಳಗಿನ ಕಾರ್ಕ್ ಪುಡಿಯಾಗಿದ್ದರೆ ಆಹಾರಕ್ಕೆ ಯೋಗ್ಯವಾದ ಸಿಲಿಕೋನ್ ಬಿಲ್ಲೆ ಕತ್ತರಿಸಿ ಹಾಕಿ, ಖಾಲಿಯಿದ್ದಾಗ ಮುಚ್ಚಳ ತೆರೆದೇ ಇಡಿ.