ಆ ಊರಿಗೆ ಅದು ಹೊಸದಲ್ಲ

ನಮಸ್ಕಾರ.

ನಿಮ್ಮ ‘ಅನಿರೀಕ್ಷಿತ ಗಾನಸುಧೆ’ ಪ್ರಬಂಧ ಓದಿದೆ. ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಈಗಿರುವ ಹಾಗೆ ಅದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಅದರಲ್ಲಿ ನಾಲ್ಕೈದು ಸಾಲು ಬಹಳ ಚೆನ್ನಾಗಿವೆ. ಬೇಡ ಎಂದು ಒಂದು ಸಾಲಿನ ಉತ್ತರ ಬರೆದು ಮುಗಿಸಲು ಅವು ಬಿಡಲಿಲ್ಲ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ನಿಮ್ಮ ಕಥೆ ಇಷ್ಟು. ಹುಬ್ಬಳ್ಳಿ ಕಡೆಯ ಒಂದು ಸಣ್ಣ ಊರಲ್ಲಿ ನಿಮ್ಮ ಬಸ್ಸು ಕೆಟ್ಟು ನಿಲ್ಲುತ್ತದೆ. ಬೇರೆ ಬಸ್ಸು ಬರುವುದು ತಡ. ಹತ್ತಿರದ ಮಠದಿಂದ ಹಾಡು ಕೇಳಿಸುತ್ತದೆ. ಒಳಗೆ ಹೋದರೆ ವಯಸ್ಸಾದ ಗವಾಯಿಗಳೊಬ್ಬರು ಹಾಡುತ್ತಿದ್ದಾರೆ, ಜನ ನೆಲದ ಮೇಲೆ ಕೂತು ಕೇಳುತ್ತಿದ್ದಾರೆ. ನೀವೂ ಕೂರುತ್ತೀರಿ. ಬಂದ ಬಸ್ಸನ್ನು ಬಿಟ್ಟು ಕೊನೆಯವರೆಗೂ ಕೇಳಿ, ರಾತ್ರಿ ಬಸ್ಸಿಗೆ ಹೊರಡುತ್ತೀರಿ.

ಈ ಅನುಭವ ನಿಜ ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಬಂದ ಬಸ್ಸನ್ನು ಯಾರೂ ಸುಮ್ನೆ ಬಿಡುವುದಿಲ್ಲ. ತೊಂದರೆ ಇರುವುದು ನೀವು ಅದನ್ನು ನೋಡಿದ ರೀತಿಯಲ್ಲಿ. ‘ಇಂಥ ಊರಲ್ಲಿ ಇಂಥ ಸಂಗೀತವೇ!’ ಎಂಬ ಬೆರಗು ಮೊದಲ ಪುಟದಿಂದ ಕೊನೆಯ ಪುಟದವರೆಗೂ ಇದೆ. ಆ ಬೆರಗು ನಿಮ್ಮದು. ಅಲ್ಲಿ ಕೂತಿದ್ದ ಜನರಿಗೆ ಅದು ಪ್ರತಿ ವರ್ಷ ಬರುವ ದಿನ. ಇದಕ್ಕೆ ಸಾಕ್ಷಿ ನಿಮ್ಮ ಬರಹದಲ್ಲೇ ಇದೆ. ಮಠದ ಬಾಗಿಲಲ್ಲಿ ‘ಎಷ್ಟನೆಯದೋ ವರ್ಷದ ಪುಣ್ಯಸ್ಮರಣೆ, ಸಂಗೀತ ಸೇವೆ’ ಎಂಬ ಬ್ಯಾನರ್ ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿತ್ತು ಎಂದು ಬರೆದಿದ್ದೀರಿ. ಗಾಳಿಯನ್ನು ಗಮನಿಸಿ ಸಂಖ್ಯೆಯನ್ನು ಬಿಟ್ಟಿದ್ದೀರಿ. ಆ ಸಂಖ್ಯೆ ಹತ್ತಾಗಿದ್ದರೆ ಒಂದು ಕಥೆ, ಅರವತ್ತಾಗಿದ್ದರೆ ಇನ್ನೊಂದು ಕಥೆ. ಅರವತ್ತು ವರ್ಷ ಒಂದು ಊರು ಒಂದೇ ದಿನ ಒಂದೇ ಕಡೆ ಕೂತು ಹಿಂದುಸ್ತಾನಿ ಸಂಗೀತದ ಖಯಾಲ್ ಕೇಳಿದೆ ಎಂದರೆ ಅಲ್ಲಿ ಕಿವಿಗಳು ತಯಾರಾಗಿರುತ್ತವೆ.

ಆ ಕಿವಿಗಳು ನಿಮ್ಮ ಪಕ್ಕದಲ್ಲೇ ಇದ್ದವು. ನಿಮ್ಮ ಮಾತಲ್ಲೇ ಹೇಳುತ್ತೇನೆ: ‘ಪಕ್ಕದಲ್ಲಿ ಕೂತ ಅಜ್ಜ ತೊಡೆಯ ಮೇಲೆ ಬೆರಳು ಮಡಚುತ್ತಿದ್ದ. ಆಗಾಗ ಹಾಂ ಎಂದು ಕೈ ಎತ್ತುತ್ತಿದ್ದ.’ ಎಷ್ಟು ಒಳ್ಳೆಯ ಸಾಲು! ಆದರೆ ಮುಂದಿನ ಸಾಲಿಗೇ ಹೀಗೆ ಬರುತ್ತದೆ: ‘ರಾಗ ತಾಳಗಳ ಗಂಧವೇ ಇಲ್ಲದ ಆ ಮುಗ್ಧ ಜನ ತಲೆದೂಗುತ್ತಿದ್ದರು.’ ಅಜ್ಜ ಬೆರಳು ಮಡಚುತ್ತಿದ್ದದ್ದು ತಾಳಕ್ಕೆ ಅಲ್ವಾ? ಕೈ ಎತ್ತಿದ್ದು ಸಮ್ ಬಂದಾಗ. ತಾಳದ ಒಂದು ಸುತ್ತು ಮುಗಿದು ಮತ್ತೆ ಮೊದಲ ಮಾತ್ರೆಗೆ, ಅಂದರೆ ಮೊದಲ ಎಣಿಕೆಗೆ ಬರುವ ಜಾಗ ಅದು. ಗಾಯಕರು ಎಲ್ಲೆಲ್ಲೋ ಅಲೆದು ಬಂದು ತಬಲಾದ ಜೊತೆ ಸರಿಯಾಗಿ ಅಲ್ಲಿಗೆ ಇಳಿಯಬೇಕು. ವಿಲಂಬಿತ ಏಕತಾಲ ಎಂಬ ನಿಧಾನದ ತಾಳಕ್ಕೆ ಮಾತ್ರೆ ಹನ್ನೆರಡೇ ಆದರೂ, ಒಂದು ಸುತ್ತು ಮುಗಿಯಲು ಮುಕ್ಕಾಲು ನಿಮಿಷ, ಕೆಲವರ ಹಾಡಿಕೆಯಲ್ಲಿ ಅದಕ್ಕಿಂತ ಜಾಸ್ತಿ ಹಿಡಿಯುತ್ತದೆ. ಅಷ್ಟು ನಿಧಾನದ ಲಯದಲ್ಲಿ ಎಲ್ಲಿದ್ದೇವೆ ಎಂದು ಮರೆಯದೆ, ಸಮ್ ಬರುವ ಹೊತ್ತಿಗೆ ಸರಿಯಾಗಿ ಕೈ ಎತ್ತುವವರು ತಿಳಿದವರು. ಇಡೀ ಸಭೆಯಲ್ಲಿ ನಿಮಗೆ ಪಾಠ ಹೇಳಬಹುದಾಗಿದ್ದ ಒಬ್ಬರ ಪಕ್ಕದಲ್ಲೇ ನೀವು ಕೂತಿದ್ದಿರಿ. ಅವರನ್ನು ಮುಗ್ಧ ಎಂದು ಕರೆದು ಮುಂದೆ ಹೋಗಿದ್ದೀರಿ.

ಇದನ್ನು ಕಟುವಾಗಿ ಹೇಳುತ್ತಿದ್ದೇನೆ, ಯಾಕೆಂದರೆ ನನಗೆ ಇದು ಬರವಣಿಗೆಯ ದೋಷ ಮಾತ್ರ ಅನ್ನಿಸುವುದಿಲ್ಲ. ಒಂದು ಊರಿನ ಜನರ ತಿಳಿವಳಿಕೆಯನ್ನು ನಾವು ಕಣ್ಣಾರೆ ಕಂಡೂ ಕಾಣದೆ ಹೋದರೆ, ಅವರ ಬಗ್ಗೆ ಬರೆದ ಮಾತು ಎಷ್ಟು ಚೆಂದ ಇದ್ದರೂ ಅವರಿಗೆ ಅನ್ಯಾಯವಾಗುತ್ತದೆ.

ನೀವು ದಕ್ಷಿಣದ ಕಡೆಯವರು ಎಂದು ನನ್ನ ಊಹೆ. ತಬಲಾವನ್ನು ಮೃದಂಗ ಎಂದು, ಹಿಂದುಸ್ತಾನಿ ಸಂಗೀತದ ಹಾಡಿನ ರಚನೆಯಾದ ಬಂದಿಶ್‌ ಅನ್ನು ಕೃತಿ ಎಂದು ಬರೆದಿದ್ದೀರಿ. ನಿಮ್ಮ ಕಣ್ಣು ಸರಿಯಾಗಿಯೇ ನೋಡಿದೆ. ‘ಎರಡು ಕೈಗೆ ಬೇರೆ ಬೇರೆ ಎರಡು ವಾದ್ಯ’ ಎಂದು ನೀವೇ ಬರೆದಿದ್ದೀರಿ. ಮೃದಂಗ ಒಂದೇ ವಾದ್ಯ, ಅಡ್ಡಲಾಗಿ ಇಟ್ಟು ಎರಡು ಕಡೆ ನುಡಿಸುತ್ತಾರೆ. ನೋಡಿದ್ದನ್ನು ಬಿಟ್ಟು, ಶಾಸ್ತ್ರೀಯ ಸಂಗೀತ ಎಂದರೆ ಮೃದಂಗ ಇರಬೇಕು ಎಂಬ ಹಳೆಯ ಗುರುತಿನ ಮೇಲೆ ಬರೆದಿದ್ದೀರಿ. ಕರ್ನಾಟಕದಲ್ಲಿ ಎರಡೂ ಪದ್ಧತಿಗಳಿವೆ. ಸುಮಾರಾಗಿ ತುಂಗಭದ್ರೆಯ ಈ ಕಡೆ, ದಕ್ಷಿಣಕ್ಕೆ, ಕರ್ನಾಟಕ ಸಂಗೀತ, ಆ ಕಡೆ, ಉತ್ತರಕ್ಕೆ, ಹಿಂದುಸ್ತಾನಿ ಎನ್ನುವುದು ರೂಢಿ.

ಆ ಕಡೆ ಅದು ಬೇರೂರಿದ ಬಗೆ ನಿಮಗೆ ಗೊತ್ತಿದ್ದರೆ ನಿಮ್ಮ ಬೆರಗು ಬೇರೆಯೇ ಆಗುತ್ತಿತ್ತು. ಕಿರಾನಾ ಘರಾಣೆ ಎಂಬ ಗಾಯನ ಪರಂಪರೆಯ ಅಬ್ದುಲ್ ಕರೀಂ ಖಾನರು ಮೈಸೂರು ಅರಮನೆಗೆ ಹೋಗಿಬರುವಾಗ ಧಾರವಾಡ ಕಡೆ ತಂಗುತ್ತಿದ್ದರು. ಕುಂದಗೋಳದ ರಾಮಭಾವು ಅವರಿಂದ ಕಲಿತು ಸವಾಯಿ ಗಂಧರ್ವರಾದರು. ಅವರ ಬಳಿ ಕಲಿಯಲು ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿಬರುತ್ತಿದ್ದರು. ಅದೇ ಗುರುವಿನ ಮನೆಯಲ್ಲಿ ಇದ್ದು ಕಲಿತವರು ಭೀಮಸೇನ ಜೋಶಿ. ಜೋಶಿಯವರದು ನಿಮಗೆ ಹತ್ತಿರದ ಕಥೆ. ಹುಡುಗನಾಗಿದ್ದಾಗ ಅಬ್ದುಲ್ ಕರೀಂ ಖಾನರ ಗ್ರಾಮಾಫೋನ್ ತಟ್ಟೆಯೊಂದು ಕಿವಿಗೆ ಬಿತ್ತು, ಝಿಂಝೋಟಿ ರಾಗದ ಠುಮ್ರಿ ಎಂಬ ಲಘು ಶಾಸ್ತ್ರೀಯ ಹಾಡು. ಹಾಗೆ ಹಾಡಬೇಕು ಎಂದು 1933ರಲ್ಲಿ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟರು. ಗ್ವಾಲಿಯರ್, ಜಲಂಧರ್ ಎಂದು ಉತ್ತರವನ್ನೆಲ್ಲ ಸುತ್ತಿದರು. ಜಲಂಧರ್‌ನಲ್ಲಿ ಸಿಕ್ಕ ವಿನಾಯಕರಾವ್ ಪಟವರ್ಧನರು, ನಿನ್ನ ಊರಿನ ಕಡೆಯೇ ಸವಾಯಿ ಗಂಧರ್ವರಿದ್ದಾರೆ, ಅಲ್ಲಿಗೆ ಹೋಗು ಎಂದು ಹೇಳಿದರು. ಅಷ್ಟು ದೂರ ಹೋಗಿ ಹುಡುಕಿದ ಗುರು ಕುಂದಗೋಳದಲ್ಲಿದ್ದರು.

ಇನ್ನು ಗದಗಿನ ವೀರೇಶ್ವರ ಪುಣ್ಯಾಶ್ರಮ. ಪಂಚಾಕ್ಷರ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು. ಇಬ್ಬರಿಗೂ ಕಣ್ಣಿರಲಿಲ್ಲ. ಕಣ್ಣಿಲ್ಲದ ಮಕ್ಕಳಿಗೆ, ಬಡ ಮಕ್ಕಳಿಗೆ ಊಟ ಹಾಕಿ ಸಂಗೀತ ಕಲಿಸಿದರು. ಅಲ್ಲಿ ಕಲಿತವರು ಊರೂರಿನಲ್ಲಿ ಸಂಗೀತ ಮೇಷ್ಟ್ರಾದರು, ಹಾರ್ಮೋನಿಯಂ, ತಬಲಾ ಸಾಥಿದಾರರಾದರು. ನೀವು ಕೇಳಿದ ಗವಾಯಿಗಳು ಯಾರ ಶಿಷ್ಯರೋ ನನಗೆ ಗೊತ್ತಿಲ್ಲ. ನಿಮಗೂ ಗೊತ್ತಿಲ್ಲ. ಓದುಗರಿಗಂತೂ ಗೊತ್ತಾಗಬೇಕು. ಇಡೀ ಪ್ರಬಂಧದಲ್ಲಿ ಅವರ ಹೆಸರೇ ಇಲ್ಲ. ‘ಆ ಅಜ್ಞಾತ ಗಂಧರ್ವ’ ಎಂದಿದ್ದೀರಿ. ಆ ಮಠದಲ್ಲಿ ಇದ್ದವರಿಗೆಲ್ಲ ಅವರ ಹೆಸರು ಗೊತ್ತಿತ್ತು, ಕೇಳಿದ್ದರೆ ಹೇಳುತ್ತಿದ್ದರು.

ಹಾಗಂತ ಈ ಇತಿಹಾಸವನ್ನೆಲ್ಲ ತಂದು ನಿಮ್ಮ ಪ್ರಬಂಧಕ್ಕೆ ತುಂಬಬೇಡಿ. ಇದು ನಿಮ್ಮ ತಲೆಯಲ್ಲಿದ್ದರೆ ಸಾಕು. ಒಂದೆರಡು ಸಾಲು ಬಂದರೆ ಹೆಚ್ಚು.

ಈಗ ರಾಗದ ವಿಷಯ. ಕೊನೆಗೆ ಭೈರವ ಹಾಡಿದರು ಎಂದು ಬರೆದಿದ್ದೀರಿ. ಆಗ ರಾತ್ರಿ ಹತ್ತೂವರೆ. ಭೈರವ ಬೆಳಗಿನ ಜಾವದ ರಾಗ, ರಾತ್ರಿ ಬೈಠಕ್ಕಿನಲ್ಲಿ ಅದನ್ನು ಹಾಡುವುದಿಲ್ಲ. ಅದು ಭೈರವಿ ಇದ್ದಿರಬೇಕು. ಅದೂ ಸಮಯದ ಲೆಕ್ಕಕ್ಕೆ ಬೆಳಗಿನದೇ. ಆದರೆ ಯಾವ ಹೊತ್ತಿನ ಕಛೇರಿಯಾದರೂ ಭೈರವಿಯಲ್ಲಿ ಮುಗಿಸುವುದು ರೂಢಿ. ‘ಅದು ಶುರುವಾದ ಕೂಡಲೇ ಕೆಲವರು ಚಪ್ಪಲಿ ಕಡೆ ನೋಡತೊಡಗಿದರು’ ಎಂದು ನೀವು ಬರೆದದ್ದಕ್ಕೂ ಇದು ಹೊಂದುತ್ತದೆ. ಇನ್ನು ಹಾಡು ಉಳಿದಿಲ್ಲ ಎಂದು ಅವರಿಗೆ ರಾಗದಿಂದಲೇ ತಿಳಿದಿತ್ತು. ಎರಡು ರಾಗಕ್ಕೂ ರಿಷಭ, ಧೈವತ ಸ್ವರಗಳು ಕೋಮಲ, ಅಂದರೆ ಸ್ವಲ್ಪ ಇಳಿಸಿದವು. ಭೈರವಿಗೆ ಗಾಂಧಾರ, ನಿಷಾದವೂ ಕೋಮಲ. ನೀವು ಕರ್ನಾಟಕ ಸಂಗೀತ ಕೇಳುವವರಾದರೆ ಹೀಗೆ ನೆನಪಿಟ್ಟುಕೊಳ್ಳಿ: ಹಿಂದುಸ್ತಾನಿಯವರ ಭೈರವದ ಸ್ವರಗಳು ನಮ್ಮ ಕರ್ನಾಟಕ ಸಂಗೀತದ ಮಾಯಾಮಾಳವಗೌಳದವು, ಅವರ ಭೈರವಿಯ ಸ್ವರಗಳು ನಮ್ಮ ತೋಡಿಯವು. ಆದರೂ ನನ್ನ ಊಹೆಯ ಮೇಲೆ ಬರೆಯಬೇಡಿ. ಅಲ್ಲಿದ್ದವರನ್ನು ಕೇಳಿ ಖಾತ್ರಿ ಮಾಡಿಕೊಳ್ಳಿ. ಗೊತ್ತಾಗದಿದ್ದರೆ ರಾಗದ ಹೆಸರು ಬೇಡವೇ ಬೇಡ. ಸಂಗೀತದ ಬಗ್ಗೆ ಬರೆಯಲು ರಾಗ ಗುರುತಿಸಲು ಬರಲೇಬೇಕು ಎಂದೇನಿಲ್ಲ. ಕಿವಿಗೆ ಬಿದ್ದದ್ದನ್ನು ಇದ್ದ ಹಾಗೆ ಹೇಳಲು ಬರಬೇಕು.

ಅದನ್ನೇ ನೀವು ತಪ್ಪಿಸಿಕೊಂಡಿದ್ದೀರಿ. ಗಾನಸುಧೆ, ಅಮೃತಧಾರೆ, ನಾದಲೋಕ, ದಿವ್ಯಾನುಭೂತಿ. ಈ ಪದಗಳನ್ನು ಯಾವ ಗಾಯಕರಿಗೆ ಬೇಕಾದರೂ ಅಂಟಿಸಬಹುದು. ನೀವು ಕೇಳಿದ್ದು ಒಬ್ಬ ವಯಸ್ಸಾದವರ ದನಿ. ಅದು ಹೇಗಿತ್ತು? ಒರಟಾಗಿತ್ತೇ, ನಡುಗುತ್ತಿತ್ತೇ? ತಾರ ಷಡ್ಜಕ್ಕೆ, ಅಂದರೆ ಮೇಲಿನ ‘ಸ’ಕ್ಕೆ ಹೋಗುವಾಗ ಏನು ಮಾಡಿದರು? ಹೋಗಿ ನಿಂತರೇ? ಅಥವಾ ಹಿಂದೆ ತಂಬೂರಿ ಹಿಡಿದು ಕೂತ ಶಿಷ್ಯನಿಗೆ ಬಿಟ್ಟುಕೊಟ್ಟರೇ? ‘ಎರಡೇ ಪದಗಳನ್ನು ಎಷ್ಟೋ ಹೊತ್ತು ಹಾಡುತ್ತಿದ್ದರು’ ಎಂದು ಒಂದು ಕಡೆ ಬರೆದಿದ್ದೀರಿ. ಅದು ಬಂದಿಶ್‌ನ ಮುಖಡಾ, ಅಂದರೆ ಅದರ ಮೊದಲ ತುಣುಕು. ಪ್ರತಿ ಸುತ್ತಿನ ಕೊನೆಗೆ ಅದನ್ನು ಹಿಡಿದೇ ಸಮ್‌ಗೆ ಬರುತ್ತಾರೆ. ಪ್ರತಿ ಸಲವೂ ಬಂದ ದಾರಿ ಬೇರೆ ಇರುತ್ತದೆ. ನೀವು ಅದನ್ನು ಕೇಳಿದ್ದೀರಿ, ಕೇಳಿದ್ದರಿಂದಲೇ ಬಸ್ಸು ಬಿಟ್ಟಿರಿ. ಆ ಎರಡು ಪದಗಳು ಹೇಗೆ ಹೇಗೆ ಬಂದವು ಎಂದು ಬರೆಯಲು ಪ್ರಯತ್ನಿಸಿ. ಕಷ್ಟವಾಗುತ್ತದೆ. ಆದರೆ ಆ ಕಷ್ಟ ಪಟ್ಟ ಪುಟವೇ ನಿಮ್ಮ ಪ್ರಬಂಧದ ಜೀವವಾಗುತ್ತದೆ.

‘ಸಮಯ ನಿಂತೇ ಹೋಯಿತು’ ಎಂಬ ಸಾಲನ್ನು ದಯವಿಟ್ಟು ತೆಗೆಯಿರಿ. ಸಮಯ ನಿಂತಿರಲಿಲ್ಲ, ಪಕ್ಕದ ಅಜ್ಜನ ಬೆರಳಿನಲ್ಲಿ ಎಣಿಕೆಯಾಗುತ್ತಿತ್ತು. ಕಣ್ಣೀರೂ ಜಾಸ್ತಿಯಾಗಿದೆ, ಒಂದು ಕಡೆ ಬಂದರೆ ಸಾಕು. ಕೊನೆಯ ಪುಟದಲ್ಲಿ ನಗರಗಳು ಸಂಸ್ಕೃತಿ ಮರೆತಿವೆ, ಹಳ್ಳಿಗಳು ಉಳಿಸಿವೆ ಎಂದು ಬರೆದದ್ದು ಪೂರ್ತಿ ಬೇಡ. ಒಂದು ಸಂಜೆ ನೋಡಿ ಅಷ್ಟು ದೊಡ್ಡ ತೀರ್ಪು ಕೊಡಲು ಆಗುವುದಿಲ್ಲ.

ಹಾಗಾದರೆ ಎಲ್ಲಿಂದ ಶುರು ಮಾಡುವುದು? ಈಗ ಮಠದೊಳಗೆ ಕಾಲಿಡಲು ಎರಡು ಪುಟ ತೆಗೆದುಕೊಂಡಿದ್ದೀರಿ. ಬಸ್ಸಿನ ರೇಡಿಯೇಟರ್, ಕಂಡಕ್ಟರನ ಗೊಣಗಾಟ, ಮುಳುಗುವ ಸೂರ್ಯ. ಅದೆಲ್ಲ ಎರಡು ಸಾಲಿಗೆ ಇಳಿಯಲಿ. ನಿಮ್ಮ ಬರಹದ ಅತ್ಯುತ್ತಮ ಭಾಗ ನಾಲ್ಕನೆಯ ಪುಟದಲ್ಲಿ ಅಡಗಿದೆ. ಗವಾಯಿಗಳು ಹಾಡು ನಿಲ್ಲಿಸದೆ ಮೇಲಕ್ಕೆ ಕೈ ತೋರಿಸುತ್ತಾರೆ. ಒಬ್ಬ ಹುಡುಗ ಎದ್ದು ಹೋಗಿ ಫ್ಯಾನ್ ಆರಿಸುತ್ತಾನೆ. ಆಮೇಲೆ ಮಾತ್ರ ನಿಮಗೆ ತಂಬೂರಿ ಕೇಳಿಸುತ್ತದೆ. ಅಷ್ಟು ಸೆಕೆಯಲ್ಲೂ ಯಾರೂ ಗೊಣಗುವುದಿಲ್ಲ, ಸೆರಗಿನಿಂದ, ಟವೆಲ್ಲಿನಿಂದ ಮುಖ ಒರೆಸಿಕೊಂಡು ಕೇಳುತ್ತಾರೆ. ಇದನ್ನು ಓದಿ ನಾನು ಪುಟ ತಿರುಗಿಸದೆ ಕೂತೆ. ಆ ಜನ ಸಂಗೀತಕ್ಕೆ ಏನು ಕೊಡಲು ತಯಾರಿದ್ದಾರೆ ಎಂದು ನೀವು ಒಂದು ವಿಶೇಷಣವೂ ಇಲ್ಲದೆ ತೋರಿಸಿದ್ದೀರಿ. ಇಲ್ಲಿಂದ ಶುರು ಮಾಡಿ. ಪ್ರತಿ ಪ್ಯಾರಾ ಬರೆದ ಮೇಲೆ ಈ ಪ್ಯಾರಾದ ಪಕ್ಕ ಇಟ್ಟು ನೋಡಿ. ಇದರಷ್ಟು ನೇರವಾಗಿಲ್ಲ ಅನ್ನಿಸಿದರೆ ಮತ್ತೆ ಬರೆಯಿರಿ.

ಶೀರ್ಷಿಕೆಯನ್ನು ಬದಲಿಸಲೇಬೇಕು. ಹೊಸದು ಸದ್ಯಕ್ಕೆ ಬೇಡ, ಬರೆದು ಮುಗಿಸಿದ ಮೇಲೆ ಯೋಚಿಸಿ.

ಮತ್ತೆ ಬರೆಯುವ ಮೊದಲು ಆದರೆ ಆ ಊರಿಗೆ ಹೋಗಿಬನ್ನಿ. ಆಗದಿದ್ದರೆ ಮಠಕ್ಕೆ ಫೋನ್ ಮಾಡಿ. ಗವಾಯಿಗಳ ಹೆಸರು, ಅವರ ಗುರುಗಳ ಹೆಸರು, ತಬಲಾ ಮತ್ತು ಹಾರ್ಮೋನಿಯಂ ಸಾಥ್ ಕೊಟ್ಟವರ ಹೆಸರು ಬರೆದುಕೊಳ್ಳಿ. ಯಾರ ಪುಣ್ಯಸ್ಮರಣೆ, ಎಷ್ಟನೆಯ ವರ್ಷ, ಶುರು ಮಾಡಿದವರು ಯಾರು, ಖರ್ಚು ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಿ. ಹೆಸರು ಹಾಕಲು ಅವರ ಒಪ್ಪಿಗೆಯನ್ನೂ ಪಡೆಯಿರಿ. ಆ ಅಜ್ಜ ಸಿಕ್ಕರೆ ಅವರ ಹತ್ತಿರ ಸ್ವಲ್ಪ ಹೊತ್ತು ಕೂತು ಮಾತಾಡಿ. ಯಾವಾಗಿನಿಂದ ಕೇಳುತ್ತಿದ್ದೀರಿ, ಯಾರನ್ನೆಲ್ಲ ಕೇಳಿದ್ದೀರಿ ಎಂದು ವಿಚಾರಿಸಿ.

ಸಾವಿರದ ಇನ್ನೂರು ಪದಗಳ ಒಳಗೆ ಮುಗಿಸಿ. ಫೋಟೊ ಇದ್ದರೆ ಕಳಿಸಿ, ಇಲ್ಲದಿದ್ದರೂ ನಡೆಯುತ್ತದೆ. ಅವಸರ ಬೇಡ, ಬಂದ ಕೂಡಲೇ ನಾನೇ ಓದುತ್ತೇನೆ.

ಇತಿ,
ಸಂಪಾದಕ