ಓದುಗರ ಪ್ರಶ್ನೆ: ಆರೈಕೆ ಮಾಡುವವರಿಗೆ ಯಾವ ಸಿನಿಮಾ?

ಪ್ರಶ್ನೆ: ಅತ್ತೆಗೆ ಮರೆವಿನ ಕಾಯಿಲೆ. ನೀನೇ ಬಳೆ ಕದ್ದೆ ಎಂದು ದಿನಕ್ಕೆ ನಾಲ್ಕು ಸಲ ನನಗೇ ಹೇಳುತ್ತಾರೆ. ರಾತ್ರಿ ಅವರು ಮಲಗಿದ ಮೇಲೆ ಒಂದು ಗಂಟೆ ನನ್ನದು. ನಮ್ಮಂಥವರ ಬದುಕು ಇರುವ ಸಿನಿಮಾ ಯಾವುದು ನೋಡಲಿ?
– ಉಡುಪಿಯ ಓದುಗಿ

ಉತ್ತರ: ಬಳೆಯ ಮಾತು ಬಂದದ್ದರಿಂದ ‘ದಿ ಫಾದರ್’ (2020) ಮೊದಲು. ಫ್ಲೋರಿಯಾನ್ ಝೆಲ್ಲರ್ ತಮ್ಮದೇ ನಾಟಕದಿಂದ ಮಾಡಿದ 97 ನಿಮಿಷದ ಚಿತ್ರ. ಆಂಥನಿ ಹಾಪ್ಕಿನ್ಸ್ ಮಾಡಿದ ಮುದುಕನ ಪಾತ್ರ ಕೈಗಡಿಯಾರ ಕಾಣುತ್ತಿಲ್ಲ, ನೋಡಿಕೊಳ್ಳಲು ಬಂದವಳೇ ಕದ್ದಳು ಎನ್ನುತ್ತದೆ. ಬಚ್ಚಿಟ್ಟವನು ಅವನೇ. ಮನೆಯ ಗೋಡೆ, ಪೀಠೋಪಕರಣ ದೃಶ್ಯದಿಂದ ದೃಶ್ಯಕ್ಕೆ ಬದಲಾಗುತ್ತವೆ. ಒಮ್ಮೆ ಮಗಳ ಮುಖವೇ ಬೇರೆ, ಏಕೆಂದರೆ ಅಲ್ಲಿ ಬೇರೊಬ್ಬ ನಟಿ ಇದ್ದಾರೆ. ನೋಡುವ ನಮಗೂ ಯಾರು ಯಾರೆಂದು ತಿಳಿಯುವುದಿಲ್ಲ. ನಿಮ್ಮ ಅತ್ತೆ ಇಡೀ ದಿನ ಇರುವುದು ಇಂಥ ಮನೆಯಲ್ಲಿ. ಇಟ್ಟ ಜಾಗ ನೆನಪಿನಿಂದ ಅಳಿಸಿಹೋಗಿದೆ, ವಸ್ತು ಮಾತ್ರ ನೆನಪಿದೆ. ಆ ಖಾಲಿ ಜಾಗಕ್ಕೆ ಮನಸ್ಸು ಒಬ್ಬ ಕಳ್ಳನನ್ನು ತರುತ್ತದೆ, ಹತ್ತಿರ ಇರುವವರು ನೀವು.

ಹಾಗಾಗಿ ‘ನಾನು ಕದ್ದಿಲ್ಲ’ ಎಂದು ವಾದಕ್ಕೆ ಇಳಿಯಬೇಡಿ. ‘ಹೌದಾ, ಬನ್ನಿ ಹುಡುಕುವ’ ಎಂದು ಜೊತೆಗೆ ಏಳಿ. ದಿಂಬಿನ ಕವರು, ಅಕ್ಕಿ ಡಬ್ಬ, ದೇವರ ಕೋಣೆ, ಸೀರೆಯ ಮಡಿಕೆ: ಬಚ್ಚಿಡುವ ಜಾಗಗಳು ಹೆಚ್ಚಾಗಿ ಮೂರು ನಾಲ್ಕೇ ಇರುತ್ತವೆ, ಗುರುತಿಟ್ಟುಕೊಳ್ಳಿ. ಆದರೆ ನೀವೇ ತೆಗೆದು ಕೊಡಬೇಡಿ, ‘ಇವಳಿಗೆ ಹೇಗೆ ಗೊತ್ತು’ ಎಂಬ ಸಂಶಯ ಹುಟ್ಟುತ್ತದೆ. ಅವರ ಕೈಗೇ ಸಿಗುವಂತೆ ಮಾಡಿ. ಚಿನ್ನದ ಬಳೆ ಬ್ಯಾಂಕ್ ಲಾಕರಿನಲ್ಲಿರಲಿ, ಮನೆಯಲ್ಲಿ ಅದೇ ತರಹದ ಒಂದು ಗ್ರಾಂ ಗೋಲ್ಡ್ ಬಳೆ ಎರಡು ಜೊತೆ ಇರಲಿ.

ಆ ಚಿತ್ರದಲ್ಲಿ ಮಗಳು ಮಲಗಿದ ತಂದೆಯ ಕತ್ತು ಹಿಸುಕಿದಂತೆ ಕಲ್ಪಿಸಿಕೊಳ್ಳುವ ಒಂದು ಗಳಿಗೆ ಇದೆ. ಹೆದರಬೇಡಿ. ದಣಿದವರ ಮನಸ್ಸಿನಲ್ಲಿ ಇಂಥದ್ದು ಸುಳಿಯುತ್ತದೆ. ಬಾಯಿಬಿಟ್ಟು ಹೇಳಿಕೊಳ್ಳಲಾಗದ ಇದನ್ನು ಪರದೆಯ ಮೇಲೆ ಕಂಡಾಗ ಎದೆಭಾರ ಇಳಿಯುತ್ತದೆ. ಆ ಯೋಚನೆ ಪದೇಪದೇ ಬರುತ್ತಿದ್ದರೆ ಮಾತ್ರ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ರಾತ್ರಿಯೂ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ನಗಬೇಕೆನಿಸಿದ ದಿನಕ್ಕೆ ‘ಪೀಕು’ (2015). ಮಲಬದ್ಧತೆಯ ವರದಿ ಒಪ್ಪಿಸುವ ಅಪ್ಪ, ರೇಗುತ್ತಲೇ ನೋಡಿಕೊಳ್ಳುವ ಮಗಳು, ಕಾರಿನ ಮೇಲೆ ಕಟ್ಟಿದ ಕಮೋಡ್ ಕುರ್ಚಿ. ರೇಗುವುದೂ ಪ್ರೀತಿಸುವುದೂ ಒಂದೇ ಮನೆಯಲ್ಲಿ ಇರುತ್ತವೆ ಎಂದು ಇಷ್ಟು ಸರಳವಾಗಿ ತೋರಿಸಿದ ಚಿತ್ರ ಕಡಿಮೆ. ಕೊನೆಯಲ್ಲಿ ಅಪ್ಪ ನಿದ್ದೆಯಲ್ಲೇ ಹೋಗುತ್ತಾರೆ, ಮೊದಲೇ ತಿಳಿದಿರಲಿ.

ಕನ್ನಡದಲ್ಲಿ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ (2016) ಬಿಡಬಾರದು. ಅನಂತನಾಗ್ ಅಲ್ಜೈಮರ್ ಇರುವ ತಂದೆ, ನಿಮ್ಮ ಉಡುಪಿಯ ರಕ್ಷಿತ್ ಶೆಟ್ಟಿ ಮಗ. ಮಗನ ಅಜಾಗ್ರತೆಯಿಂದ ತಂದೆ ಕಾಣೆಯಾಗುತ್ತಾರೆ. ನೋಡಿ ಮುಗಿದ ರಾತ್ರಿಯೇ ಒಂದು ಕೆಲಸ: ಅತ್ತೆಯ ಇತ್ತೀಚಿನ ಫೋಟೋ ಮೊಬೈಲಿನಲ್ಲಿ ಇಟ್ಟುಕೊಳ್ಳಿ, ಮನೆಯ ಫೋನ್ ನಂಬರನ್ನು ಬಟ್ಟೆಯ ಪಟ್ಟಿಯಲ್ಲಿ ಬರೆದು ರವಿಕೆಯ ಒಳಗೆ ಹೊಲಿಯಿರಿ. ಬೆಳಿಗ್ಗೆ ಉಟ್ಟ ಸೀರೆಯ ಬಣ್ಣ ನೆನಪಿರಲಿ. ಅತ್ತೆ ಕಾಣದಿದ್ದರೆ ಸಂಜೆವರೆಗೆ ಕಾಯದೆ ಪೊಲೀಸರಿಗೆ, 112ಕ್ಕೆ ಕರೆ ಮಾಡಿ.

ಒಂದು ಗಂಟೆಗೆ ಯಾವ ಚಿತ್ರವೂ ಮುಗಿಯುವುದಿಲ್ಲ, ಮುಗಿಸುವ ಹಟ ಬೇಡ. 40 ನಿಮಿಷ ನೋಡಿ ಮಲಗಿ. ಇಯರ್‌ಫೋನ್ ಒಂದೇ ಕಿವಿಗೆ, ಇನ್ನೊಂದು ಮಂಚದ ಸದ್ದಿಗೆ. ಮಳೆಗಾಲದಲ್ಲಿ ಕರೆಂಟು ಹೋದರೆ ನೆಟ್ಟೂ ಹೋಗುತ್ತದೆ, ಹಗಲಲ್ಲೇ ಡೌನ್‌ಲೋಡ್ ಮಾಡಿಡಿ.

ಪ್ರಶ್ನೆ: ಯಜಮಾನರಿಗೆ ಸ್ಟ್ರೋಕ್ ಆಗಿ ಆರು ತಿಂಗಳು. ‘ಅಮೂರ್’ ನೋಡು ಎಂದು ಗೆಳತಿ ಹೇಳಿದ್ದಾಳೆ. ನೋಡಬಹುದೇ?
– ಮಂಗಳೂರಿನ ಓದುಗಿ

ಉತ್ತರ: ಈಗ ಬೇಡ. ಮೈಕಲ್ ಹಾನೆಕೆಯ ಈ ಚಿತ್ರ (2012) ದೊಡ್ಡದು, ಕಾನ್ ಉತ್ಸವದ ಅತ್ಯುನ್ನತ ಪ್ರಶಸ್ತಿ ಪಡೆದದ್ದು. ಆದರೆ ಪಾರ್ಶ್ವವಾಯು ಬಡಿದ ಹೆಂಡತಿಯನ್ನು ಗಂಡ ಕೊನೆಗೆ ದಿಂಬು ಒತ್ತಿ ಕೊಲ್ಲುತ್ತಾನೆ. ಆರು ತಿಂಗಳಿಂದ ನಿದ್ದೆಗೆಟ್ಟವರು ಒಂಟಿಯಾಗಿ ರಾತ್ರಿ ನೋಡುವಂಥದ್ದಲ್ಲ ಇದು. ಮುಂದೆ ನೋಡುವುದಾದರೆ ಹಗಲಲ್ಲಿ, ಗೆಳತಿಯ ಜೊತೆಗೆ ನೋಡಿ.

ಅದರ ಒಂದು ದೃಶ್ಯವನ್ನು ಇಲ್ಲೇ ಹೇಳಬೇಕು, ನಿಮಗೆ ಉಪಯೋಗಕ್ಕೆ ಬರುತ್ತದೆ. ಕುಡಿಸಿದ ನೀರನ್ನು ಹೆಂಡತಿ ಉಗುಳುತ್ತಾಳೆ, ಗಂಡ ಕೆನ್ನೆಗೆ ಹೊಡೆಯುತ್ತಾನೆ. ನಿಮ್ಮ ಯಜಮಾನರೂ ಗಂಜಿ, ನೀರು ಉಗುಳುತ್ತಿದ್ದರೆ ಹಟವೆಂದು ತಿಳಿಯಬೇಡಿ. ಸ್ಟ್ರೋಕ್ ಆದವರಿಗೆ ನುಂಗುವ ಸ್ನಾಯು ಸೋತಿರಬಹುದು, ಆಗ ತೆಳ್ಳಗಿನ ನೀರೇ ಎಲ್ಲಕ್ಕಿಂತ ಕಷ್ಟ, ಬೇಗ ಶ್ವಾಸನಾಳಕ್ಕೆ ಜಾರುತ್ತದೆ. ನೆಟ್ಟಗೆ ಕೂರಿಸಿ, ಗದ್ದ ಸ್ವಲ್ಪ ತಗ್ಗಿಸಿ, ಟೀ ಚಮಚದಲ್ಲಿ ಒಂದೊಂದೇ ಗುಟುಕು ಕೊಡಿ. ನುಂಗಿದ್ದು ಖಚಿತವಾದ ಮೇಲೆ ಮುಂದಿನದು. ಊಟವಾದ ಮೇಲೆ ಅರ್ಧ ಗಂಟೆ ಮಲಗಿಸಬೇಡಿ. ಕುಡಿದಾಗ ಕೆಮ್ಮು, ಗೊರಗೊರ ದನಿ ಬಂದರೆ ಕೊಡುವುದನ್ನು ನಿಲ್ಲಿಸಿ ಡಾಕ್ಟರಿಗೆ ಹೇಳಿ, ಸ್ಪೀಚ್ ಥೆರಪಿಸ್ಟ್ ಬಳಿ ನುಂಗುವ ಪರೀಕ್ಷೆ ಮಾಡಿಸಿ. ನೀರನ್ನು ಎಷ್ಟು ಮಂದ ಮಾಡಬೇಕೆಂದು ಅವರೇ ಹೇಳಬೇಕು. ಕೈ ಎತ್ತುವಷ್ಟು ಸಿಟ್ಟು ಬಂದಾಗ ಲೋಟ ಕೆಳಗಿಟ್ಟು, ಅವರು ಬೀಳದಂತೆ ಭದ್ರ ಮಾಡಿ, ಐದು ನಿಮಿಷ ಜಗಲಿಗೆ ಹೋಗಿ ಬನ್ನಿ.

ಪ್ರಶ್ನೆ: ಮರೆವಿನ ಅಪ್ಪನನ್ನೂ ಜೊತೆಗೆ ಕೂರಿಸಿಕೊಂಡು ನೋಡಬಹುದೇ?
– ಮಣಿಪಾಲದ ಓದುಗರು

ಉತ್ತರ: ಕಥೆಯ ಎಳೆ ಅವರಿಗೆ ಸಿಗುವುದು ಕಷ್ಟ, ಹಾಡು ಸಿಗುತ್ತದೆ. ಅವರ ಹರೆಯದ ಕಾಲದ ಹಾಡು, ಇಷ್ಟವಿದ್ದರೆ ಯಕ್ಷಗಾನದ ಪದ, 15-20 ನಿಮಿಷ. ಹೊಡೆದಾಟದ ದೃಶ್ಯ ಬೇಡ, ಟಿವಿಯೊಳಗಿನವರು ಮನೆಗೇ ಬಂದರೆಂದು ಗಾಬರಿಯಾಗುವುದುಂಟು. ಮುಸ್ಸಂಜೆ ಹೊತ್ತಿಗೆ ಹಲವರಿಗೆ ಗೊಂದಲ ಹೆಚ್ಚು, ಬೆಳಿಗ್ಗೆ ತಿಂಡಿಯಾದ ಮೇಲೆ ಹಚ್ಚಿ. ಅವರು ತಾಳ ಹಾಕಲು ಶುರು ಮಾಡಿದರೆ ನೀವೂ ಹಾಕಿ.